ಕಿಲೆಮುವಿನ ಬೆಂಕಿ ದಳಕ್ಕೇ ಬೆಂಕಿ ಬಿದ್ದ ಭಾನುವಾರ

ಕಿಲೆಮು,
ಆಗಸ್ಟ್ 7, 1966, ಭಾನುವಾರ

ಪ್ರೀತಿಯ ಬಾಲ್ಡೊ ಅಣ್ಣಾ,

ನಿನ್ನ ಮೊಣಕಾಲು ಹೇಗಿದೆ? ಪುಂತಾ ಅರೆನಾಸಿನ ಗಾಳಿ ಮನುಷ್ಯರನ್ನೇ ಹಾರಿಸಿಕೊಂಡು ಹೋಗುತ್ತದೆ, ಬೀದಿಯಲ್ಲಿ ಹಗ್ಗ ಕಟ್ಟಿರುತ್ತಾರೆ, ಅದನ್ನು ಹಿಡಿದು ನಡೆಯಬೇಕು ಎಂದು ನೀನು ಬರೆದಿದ್ದೆ. ನೀನು ಹಗ್ಗ ಹಿಡಿಯುವ ಪೈಕಿಯಲ್ಲ ಎಂದು ನನಗೆ ಗೊತ್ತು. ದಯವಿಟ್ಟು ಹಿಡಿ. ಅತ್ತಿಗೆಯ ಕೆಮ್ಮು ನಿಂತಿತೇ? ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿರಬೇಕು. ಒಂದು ಉದ್ದ ಒಂದು ಗಿಡ್ಡ ಎಂದು ಅವಳು ನಗಬಾರದು. ಎರಡನೆಯದನ್ನು ಹೆಣೆಯುವಾಗ ನನ್ನ ಮನಸ್ಸು ಎಲ್ಲೋ ಇತ್ತು. ನಾನು ಚೆನ್ನಾಗಿದ್ದೇನೆ. ಎಡಗೈ ಮೇಲಿನ ಸುಟ್ಟ ಗಾಯ ಮಾಗಿದೆ, ಮತ್ತೆ ಸೂಜಿ ಹಿಡಿಯುತ್ತಿದ್ದೇನೆ. ಯಾವ ಗಾಯ ಎಂದು ಗಾಬರಿಯಾಗಬೇಡ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಹೋದ ಕಾಗದದಲ್ಲಿ ನೀನು ಕೇಳಿದ್ದೆಯಲ್ಲ, ನಮ್ಮ ಬೆಂಕಿ ದಳದ ಠಾಣೆಗೇ ಬೆಂಕಿ ಬಿತ್ತಂತೆ, ಇದು ಯಾವನೋ ಹಡಗಿನವನು ಕುಡಿದು ಕಟ್ಟಿದ ಕಥೆಯೇ ಎಂದು? ಅಲ್ಲ ಅಣ್ಣಾ, ನಿಜ. ಆದರೆ ಅದನ್ನು ಮೊದಲಿನಿಂದ ಹೇಳಬೇಕು. ಯಾಕೆಂದರೆ ಔಷಧಿ ಅಂಗಡಿಯ ಯಜಮಾನರು ಡಾನ್ ತಿಯೋಡುಲೊ, ದಳದ ಕಾರ್ಯದರ್ಶಿಯಾಗಿ ಇಪ್ಪತ್ತಾರು ವರ್ಷ ತುಂಬಿದ ಹುಮ್ಮಸ್ಸಿನಲ್ಲಿ, 'ಕಿಲೆಮು ಸ್ವಯಂಸೇವಕ ಅಗ್ನಿಶಾಮಕ ದಳದ ಇತಿಹಾಸ' ಎಂದು ನಲವತ್ತು ಪುಟ ಬರೆದು ಅಚ್ಚು ಹಾಕಿಸಿದ್ದಾರೆ. ಅದರ ಪ್ರಕಾರ ನಮ್ಮ ಸಂಸ್ಥಾಪಕರು 'ಹೃದಯದಲ್ಲಿ ಪರೋಪಕಾರದ ಜ್ವಾಲೆ ಹೊತ್ತಿ' ಒಟ್ಟುಗೂಡಿದರು. ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿದೆ, ನನಗೂ ನೆನಪಿದೆ. 1924ರಲ್ಲಿ ಹೊತ್ತಿದ್ದು ಬೇಕರಿ. ಊರ ಗಂಡಸರೆಲ್ಲ ಓಡಿದರು, ಎಂಬತ್ತು ಜನ, ಎಂಬತ್ತು ಅಭಿಪ್ರಾಯ. ನೂರು ಹೆಜ್ಜೆ ದೂರದಲ್ಲಿ ನದಿ ಹರಿಯುತ್ತಿದೆ, ತರಲು ಒಂದು ಬಕೆಟ್ಟಿಲ್ಲ. ಯಾರೋ ಬುದ್ಧಿವಂತರು ನಿಜವಾಗಿಯೂ ಬಾವಿ ತೋಡಲು ಶುರುಮಾಡಿದರಂತೆ! ಅಪ್ಪ ಗಿರಾಕಿಯ ಒಂದೇ ಕೆನ್ನೆ ಬೋಳಿಸಿ ಕತ್ತಿ ಹಿಡಿದುಕೊಂಡೇ ಓಡಿದ್ದು, ಆ ಗಿರಾಕಿ ಅರ್ಧ ಗಡ್ಡದಲ್ಲಿ ಹಿಂದೆ ಓಡಿದ್ದು, ಬೇಕರಿ ಬೂದಿಯಾದ ಮೇಲೆ ಇಪ್ಪತ್ತೆರಡು ಜನ ಅಪ್ಪನ ಕ್ಷೌರದಂಗಡಿಯಲ್ಲೇ ಕೂತು ದಳ ಕಟ್ಟಿದ್ದು, ಇದಾವುದೂ ಆ ಪುಸ್ತಕದಲ್ಲಿಲ್ಲ.

ಕಟ್ಟಿದ ಮೇಲೆ ಮೊದಲ ಮೂರು ತಿಂಗಳು ಏನು ಮಾಡಿದರು ಎಂಬುದೂ ಇಲ್ಲ. ಪಂಪಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸಮವಸ್ತ್ರ ಕೆಂಪೋ ನೀಲಿಯೋ ಎಂದು ಕಚ್ಚಾಡಿದರು. ಕೊನೆಗೆ ಕೆಂಪು ಅಂಗಿ, ಬಿಳಿ ಪ್ಯಾಂಟು. ಬೆಂಕಿ ಆರಿಸುವವರಿಗೆ ಬಿಳಿ ಪ್ಯಾಂಟು! ಅಮ್ಮ ಸಾಯುವವರೆಗೂ ಆ ಮಸಿ ಒಗೆದಳು, ಆಮೇಲೆ ನಾನು ಒಗೆದೆ. ಪಂಪು ಬರುವುದಕ್ಕೆ ಮೂರು ವರ್ಷ ಹಿಡಿಯಿತು. ಬಂದಾಗ ಅದರ ಜೊತೆಗಿದ್ದ ಸೂಚನೆ ಜರ್ಮನ್ ಭಾಷೆಯಲ್ಲಿತ್ತು. ಮರದ ಮಿಲ್ಲಿನ ಹಳೇ ಕ್ರೂಗರ್ "ನನಗೆ ಬರುತ್ತೆ, ಕೊಡ್ರಿ ಇಲ್ಲಿ" ಎಂದು ಕನ್ನಡಕ ಏರಿಸಿ ಓದಿ, ಎರಡೂ ಪೈಪುಗಳನ್ನು ಅದಲು ಬದಲು ಜೋಡಿಸಿದರು. ಪ್ರಾಂತ್ಯದ ಗವರ್ನರ್ ದೊರೆ ನೋಡಲು ಬಂದಿದ್ದರು, ಅವರೆದುರು ಆರಿಸಿ ತೋರಿಸಲು ಹುಲ್ಲಿನ ರಾಶಿಗೆ ಬೆಂಕಿ ಹಚ್ಚಿದ್ದರು. ಎಂಟು ಜನ ಹಿಡಿಕೆ ಒತ್ತಿದ್ದೇ ತಡ, ನದಿಗೆ ಇಳಿಬಿಟ್ಟ ಪೈಪು ಗುಳುಗುಳು ಎಂದು ಗಾಳಿ ಬಿಟ್ಟಿತು, ಉರಿಯ ಕಡೆ ಹಿಡಿದ ಪೈಪು ದೊರೆಯ ಟೋಪಿಯನ್ನು ಎಳೆದು ನುಂಗಿತು. ಆ ಟೋಪಿ ಹೊರಗೆ ಬರಲಿಲ್ಲ. ಅದಕ್ಕೇ ನಮ್ಮೂರಿಗೆ ರೈಲು ಬರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಇನ್ನು ನಿನ್ನ ಕಾಲಕ್ಕೆ ಬರುತ್ತೇನೆ, ಕಿವಿ ಕೆಂಪು ಮಾಡಿಕೊಳ್ಳಬೇಡ. ಇತಿಹಾಸದ ಹದಿನೇಳನೇ ಪುಟದಲ್ಲಿ, 'ತರುಣ ಬಾಲ್ಡೊಮೆರೊ ಬಾರಿಯೆಂತೋಸ್ 1942ರಲ್ಲಿ ಜೀವದ ಹಂಗು ತೊರೆದು ಚರ್ಚಿನ ಗೋಪುರ ಏರಿ ಗಂಟೆಯನ್ನು ಉಳಿಸಿದನು' ಎಂದಿದೆ. ಹೊಗೆ ಬಂದಿದ್ದು ಪಾದ್ರಿಯವರು ಹಿತ್ತಲಲ್ಲಿ ಹಂದಿಮಾಂಸಕ್ಕೆ ಹೊಗೆ ಹಾಕುತ್ತಿದ್ದುದರಿಂದ. ನೀನು ಹತ್ತಿದ್ದು ನಿಜ, ಇಳಿಯಲಾಗದೆ ಗಂಟೆಯ ಹಗ್ಗ ತಬ್ಬಿಕೊಂಡು ನಿಂತಿದ್ದೂ ನಿಜ. ಏಣಿ ತಂದವಳು ನಾನು. ನನಗಾಗ ಹದಿನಾರು. ಬಕೆಟ್ಟು, ಏಣಿ ಎರಡನ್ನೂ ಹೊತ್ತು ಓಡಿ ಬಂದಿದ್ದೆ. ಇಳಿದವನೇ ನೀನು ಎಲ್ಲರ ಮುಂದೆ, "ಏ, ಮನೆಗೆ ಹೋಗೇ! ಇದು ಗಂಡಸ್ರ ಕೆಲ್ಸ" ಎಂದೆ. ನಾನು ಮನೆಗೆ ಹೋಗಿ ಇಪ್ಪತ್ತೆರಡು ಜನಕ್ಕೆ ಸೂಪು ಮಾಡಿದೆ. ನಿನ್ನ ಬಟ್ಟಲಿಗೆ ಮಾತ್ರ ಎರಡು ಬಾರಿ ಉಪ್ಪು ಹಾಕಿದೆ. ನೀನು ಕೊನೆಯ ಹನಿಯವರೆಗೂ ಕುಡಿದೆ.

ಅದನ್ನು ನಾನು ನಕ್ಕು ಮರೆತಿದ್ದೆ, ಅಣ್ಣಾ. ಮರೆಯಲಾಗದ್ದು 1960ರ ಭೂಕಂಪದ ವರ್ಷದ್ದು. ನೀನಾಗಲೇ ದಕ್ಷಿಣಕ್ಕೆ ಹೋಗಿದ್ದೆ. ಮೂರು ದಿನ ನೆಲ ನಿಲ್ಲಲಿಲ್ಲ. ಆಗ ಯಾರೂ ಸಮವಸ್ತ್ರ ಹುಡುಕಲಿಲ್ಲ. ಗಂಡಸರು ಹೆಂಗಸರು ಎನ್ನದೆ ಕೈಯಲ್ಲೇ ಹಲಗೆ ಎತ್ತಿದೆವು. ಅಂಚೆ ಕಚೇರಿಯ ಒತಿಲಿಯಾ ಗೊತ್ತಲ್ಲ, ಕಡ್ಡಿಯಂತಿದ್ದಾಳೆ, ಅವಳೇ ಕುಸಿದ ಗೋಡೆಯ ಸಂದಿಗೆ ನುಗ್ಗಿ ಇಬ್ಬರು ಮಕ್ಕಳನ್ನು ಎಳೆದು ತಂದಳು. ನನ್ನ ಉಗುರುಗಳು ಮತ್ತೆ ಬೆಳೆಯಲು ಬೇಸಿಗೆ ಬರಬೇಕಾಯಿತು. ದಳದ ದಾಖಲೆಯಲ್ಲಿ ಇಪ್ಪತ್ತೆರಡು ಗಂಡಸರ ಹೆಸರು ಬರೆದು, ಕೆಳಗೆ ಒಂದು ಸಾಲು: 'ಮಹಿಳೆಯರು ಚಹಾ ಒದಗಿಸಿದರು.'

ಈಗ ಜೂನ್ 26ರ ಭಾನುವಾರ. ದಳದ ವಾರ್ಷಿಕೋತ್ಸವ. ಅದಕ್ಕೆ ಒಂದು ವಾರ ಮೊದಲು ಕ್ಯಾಪ್ಟನ್ ಕ್ರೂಗರ್ (ಪೈಪು ಅದಲು ಬದಲು ಮಾಡಿದವರ ಮಗ ರೈನಾಲ್ಡೊ, ಈಗ ಅವನೇ ಕ್ಯಾಪ್ಟನ್) ಮನೆಮನೆಗೆ ಹೋಗಿ ಒಲೆಯ ಹೊಗೆಕೊಳವೆ ತಪಾಸಣೆ ಮಾಡಿಸಿದ. ಮಸಿ ಕಂಡಲ್ಲೆಲ್ಲ ಬಾಗಿಲಿಗೆ ಎಚ್ಚರಿಕೆಯ ಕೆಂಪು ಚೀಟಿ. ನನ್ನ ಬಾಗಿಲಿಗೂ ಒಂದು. ಆದರೆ ದೀಪದ ಬುಡದಲ್ಲೇ ಕತ್ತಲು. ಠಾಣೆಯ ಹೊಗೆಕೊಳವೆ ಭೂಕಂಪದ ನಂತರ ಪೊರಕೆಯನ್ನೇ ಕಂಡಿರಲಿಲ್ಲ. ಅವತ್ತು ಮೇಲಿನ ಸಭಾಂಗಣದಲ್ಲಿ ಗಂಡಸರು ಬಿಳಿ ಪ್ಯಾಂಟಿನಲ್ಲಿ ಭಾಷಣಕ್ಕೆ ಕೂತಿದ್ದರು. ಕೆಳಗೆ ಅಡುಗೆಮನೆಯಲ್ಲಿ ನಾನು, ಒತಿಲಿಯಾ, ಕ್ಯಾಪ್ಟನ್ನನ ಹೆಂಡತಿ ಗುದೆಲಿಯಾ, ಇನ್ನೂ ಎಂಟು ಹೆಂಗಸರು, ಇನ್ನೂರು ಎಂಪನಾಡ ಕಡುಬು ಕರಿಯುತ್ತಿದ್ದೆವು. ಒಲೆಗೆ ಸೌದೆ ಒಟ್ಟಿದ್ದೇ ಒಟ್ಟಿದ್ದು. ಕೊಳವೆಯೊಳಗೆ ರೈಲು ಹೋದ ಹಾಗೆ ಗುಡುಗುಡು ಸದ್ದು, ಒಳಗಿನ ಮಸಿಗೇ ಬೆಂಕಿ ಹತ್ತಿತ್ತು. ಮೇಲಿನಿಂದ ಕ್ಯಾಪ್ಟನ್ನನ ದನಿ ಕೇಳುತ್ತಿತ್ತು: "ಕಿಲೆಮುನಲ್ಲಿ ಬೆಂಕಿಗೆ ಇನ್ಮೇಲೆ ಜಾಗ ಇಲ್ಲ ಸ್ವಾಮಿ!" ಎಲ್ಲರೂ ಚಪ್ಪಾಳೆ ಹೊಡೆದರು.

ನಾನು ಮೆಟ್ಟಿಲ ಬುಡದಿಂದ "ಬೆಂಕಿ! ಬೆಂಕಿ!" ಎಂದು ಕೂಗಿದೆ. ಭಾಷಣಕ್ಕೆ ಉತ್ತರ ಕೊಡುತ್ತಿದ್ದೇನೆ ಎಂದುಕೊಂಡು ಮತ್ತೆ ಚಪ್ಪಾಳೆ ಹೊಡೆದರು. ಗುದೆಲಿಯಾ ಸೌಟು ಹಿಡಿದೇ ಮೇಲೆ ಹತ್ತಿದಳು. "ರೈನಾಲ್ಡೊ, ಬಾಯಿ ಮುಚ್ಚಿ ಕೆಳಗೆ ಬಾ, ನಿನ್ನ ತಲೆ ಮೇಲೆ ಉರೀತಾ ಇದೆ!" ಆಗ ಎದ್ದರು. ಸೈರನ್ ಒತ್ತಲು ಯಾರೋ ಕೈ ಚಾಚಿದರೆ ಡಾನ್ ತಿಯೋಡುಲೊ ಅಡ್ಡ ನಿಂತರು. ಬೆಂಕಿ ಬಿದ್ದ ಸ್ಥಳದ ವಿಳಾಸ ಪುಸ್ತಕದಲ್ಲಿ ಬರೆಯದೆ ಸೈರನ್ ಒತ್ತುವಂತಿಲ್ಲ, ಒಂಬತ್ತನೇ ನಿಯಮ.

"ವಿಳಾಸ ಹೇಳಿ."

"ಇದೇ ವಿಳಾಸ ಸ್ವಾಮೀ! ನೀವು ನಿಂತಿರೋ ಜಾಗ!"

"ಬೀದಿ ಹೆಸರು, ಮನೆ ನಂಬರ್ ಬೇಕು."

ಅಷ್ಟರಲ್ಲಿ ಗಂಡಸರು ಎಂಜಿನ್ನಿನ ಕಡೆ ಓಡಿದ್ದರು. ಎಂಜಿನ್ ಎಲ್ಲಿತ್ತು? ಮೆರವಣಿಗೆಗೆಂದು ಹೂವು ಕಟ್ಟಿ ಊರ ಚೌಕದಲ್ಲಿ ನಿಲ್ಲಿಸಿದ್ದರು. ಭಾರವಾದರೆ ಟೈರು ಇಳಿದು ಅಂದಗೆಡುತ್ತದೆಂದು ನೀರಿನ ಟ್ಯಾಂಕು ಖಾಲಿ ಮಾಡಿಸಿದ್ದರು. ಇಪ್ಪತ್ತೊಂದು ಜನ ಹೂವಿನ ಎಂಜಿನ್ನನ್ನು ನದಿಯ ಕಡೆ ತಳ್ಳಿಕೊಂಡು ಹೋಗುವುದನ್ನು ನೋಡಿ ಊರವರು ಮೆರವಣಿಗೆ ಶುರುವಾಯಿತೆಂದು ಕೈ ಬೀಸಿದರಂತೆ.

ನಾವು ಹೆಂಗಸರು ದಿನಾ ಒಲೆ ಜೊತೆ ಬದುಕುವವರು. ಒತಿಲಿಯಾ ಮಾಂಸಕ್ಕೆಂದು ತಂದಿದ್ದ ಕಲ್ಲುಪ್ಪನ್ನೆಲ್ಲ ಒಲೆಯೊಳಗೆ ಸುರಿದು ಗಾಳಿ ಬಾಗಿಲು ಮುಚ್ಚಿದಳು. ಉಳಿದವರು ಹಿತ್ತಲ ನಲ್ಲಿಯಿಂದ ಸಾಲಾಗಿ ನಿಂತು ಸೂಪಿನ ಪಾತ್ರೆ, ಹಾಲಿನ ಕ್ಯಾನು, ಏನು ಸಿಕ್ಕರೆ ಅದರಲ್ಲಿ ನೀರು ದಾಟಿಸಿದರು. ನಾನು ಆಲೂಗಡ್ಡೆ ಚೀಲ ನೆನೆಸಿ ಏಣಿ ಹತ್ತಿ ಮಾಡಿನ ಮೇಲೆ ಹೋದೆ. ಕೊಳವೆಯ ಬುಡದಲ್ಲಿ ಹಲಗೆ ಆಗಲೇ ಹತ್ತಿಕೊಂಡಿತ್ತು. ಒದ್ದೆ ಚೀಲ ಹೊದಿಸುತ್ತಿರುವಾಗ ಕೆಳಗಿನ ಕಿಟಕಿಯಿಂದ ಕೆಮ್ಮು ಕೇಳಿತು. ಬಗ್ಗಿ ನೋಡಿದರೆ ದಾಖಲೆ ಕೋಣೆಯಲ್ಲಿ ಡಾನ್ ತಿಯೋಡುಲೊ, ಎದೆಗೆ ನಲವತ್ತೆರಡು ವರ್ಷದ ದಾಖಲೆ ಪುಸ್ತಕ ಅವುಚಿಕೊಂಡು ಕೂತಿದ್ದಾರೆ. ಬಾಗಿಲಾಚೆ ಬರೀ ಹೊಗೆ. ಏಣಿಯಲ್ಲಿ ಆ ಕಿಟಕಿಯವರೆಗೆ ಇಳಿದೆ, ಅಣ್ಣಾ. ಆ ಮನುಷ್ಯ ಅಷ್ಟೊಂದು ಚಿಕ್ಕವರಾಗಿ ಕಂಡಿದ್ದು ಅದೇ ಮೊದಲು.

"ಪುಸ್ತಕ ಬಿಡಿ, ಡಾನ್ ತಿಯೋಡುಲೊ, ಕೈ ಕೊಡಿ."

"ಪುಸ್ತಕ ಬಿಟ್ರೆ ದಳವೇ ಇಲ್ಲ ತಾಯಿ."

"ನೀವು ಸತ್ರೆ ಅದನ್ನ ಬರೆಯೋರು ಯಾರು?"

ಇದು ಅವರಿಗೆ ನಾಟಿತು. ಪುಸ್ತಕಗಳನ್ನು ಒಂದೊಂದಾಗಿ ಕಿಟಕಿಯಿಂದ ಹೊರಗೆಸೆದರು, ಒತಿಲಿಯಾ ಕೆಳಗೆ ಲಂಗ ಹರಡಿ ಹಿಡಿದಳು. ಆಮೇಲೆ ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಏಣಿ ಇಳಿದೆ. ಕೈ ಸುಟ್ಟಿದ್ದು ಆ ಕಿಟಕಿಯ ಚೌಕಟ್ಟಿಗೆ. ಅರ್ಧ ದಾರಿಯಲ್ಲಿ ನನ್ನ ಕಿವಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಡೋನ್ಯಾ ಎದೆಲ್ಮಿರಾ, ಇದು ದಾಖಲೆಗೆ ಬೇಡ."

ಹೂವಿನ ಎಂಜಿನ್ ನೀರು ತುಂಬಿಕೊಂಡು ಬರುವಷ್ಟರಲ್ಲಿ ನಾವು ಕಡುಬು ಬಡಿಸಲು ಶುರುಮಾಡಿದ್ದೆವು. ಕಾಲು ಭಾಗ ಮಾಡು ಹೋಗಿತ್ತು, ಉಳಿದದ್ದು ಉಳಿದಿತ್ತು. ಕ್ಯಾಪ್ಟನ್ ಮುಖ ಸಣ್ಣದು ಮಾಡಿಕೊಂಡು ನಿಂತ. ನಾನು ಮನೆಗೆ ಹೋಗಿ ನನ್ನ ಬಾಗಿಲ ಮೇಲಿದ್ದ ಕೆಂಪು ಚೀಟಿ ಕಿತ್ತು ತಂದು ಠಾಣೆಯ ಬಾಗಿಲಿಗೆ ಅಂಟಿಸಿದೆ. ಆಮೇಲೆ ಹನ್ನೊಂದು ಹೆಂಗಸರ ಹೆಸರು ಬರೆದ ಅರ್ಜಿ ಕೊಟ್ಟೆ: ನಮ್ಮನ್ನು ದಳಕ್ಕೆ ಸೇರಿಸಿಕೊಳ್ಳಿ. ಚಹಾ ಕೊಡುವುದಕ್ಕಲ್ಲ.

ಒಂದು ತಿಂಗಳು ಊರಲ್ಲಿ ಬೇರೆ ಮಾತಿಲ್ಲ. "ಹೆಂಗಸ್ರು ಏಣಿ ಹತ್ತಿದ್ರೆ ಗಂಡಸ್ರು ಬೆಂಕಿ ನೋಡ್ತಾರಾ, ಮೇಲೆ ನೋಡ್ತಾರಾ?" ಎಂದು ಕೆಲವರ ಕುಹಕ. ಪ್ಯಾಂಟು ಹಾಕಿಕೊಳ್ಳುತ್ತೇವೆ, ಹೊಲಿಯುವವಳು ನಾನೇ ಎಂದೆ. ಗುದೆಲಿಯಾ ಮತ್ತಿತರರು ಮನೆಯಲ್ಲಿ ಅಡುಗೆ ನಿಲ್ಲಿಸಿದರು. ಕ್ಯಾಪ್ಟನ್ ಮೂರು ವಾರ ಡಬ್ಬಿಯ ಮೀನು ತಿಂದು ನಾಲ್ಕನೇ ವಾರ ನಮ್ಮ ಪಕ್ಷಕ್ಕೆ ಬಂದ. ಜುಲೈ 30ರ ಶನಿವಾರ ಮತದಾನ. ಹೆಲ್ಮೆಟ್ಟಿನೊಳಗೆ ಬಿಳಿ ಅವರೆಕಾಳು ಹಾಕಿದರೆ ಹೌದು, ಕಪ್ಪು ಹಾಕಿದರೆ ಇಲ್ಲ. ಎಣಿಸಿದರೆ ಬಿಳಿ ಹನ್ನೊಂದು, ಕಪ್ಪು ಹನ್ನೊಂದು. ಡಾನ್ ತಿಯೋಡುಲೊ ಹಾಕಿದ ಕಾಳು ಯಾವ ಬಣ್ಣದ್ದೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಮೂವತ್ತೊಂದನೇ ನಿಯಮದ ಪ್ರಕಾರ ಇಪ್ಪತ್ತು ವರ್ಷ ಸೇವೆ ಮಾಡಿ ದೂರದಲ್ಲಿರುವ ಗೌರವ ಸದಸ್ಯರ ಮತ ತಂತಿಯ ಮೂಲಕ ಬಂದರೂ ಸಿಂಧು ಎಂದು ಓದಿದರು. ಓದಿ, ಕೋಟಿನ ಜೇಬಿನಿಂದ ನಿನ್ನ ತಂತಿ ತೆಗೆದರು.

ಎಂಥ ಮಾತು ಕಳಿಸಿದೆ ಅಣ್ಣಾ! 'ಬೆಂಕಿಗೆ ಗಂಡು ಹೆಣ್ಣು ತಿಳಿಯದು. ಇಪ್ಪತ್ತನಾಲ್ಕು ವರ್ಷದ ಹಿಂದೆ ತಂಗಿಯನ್ನು ಮನೆಗೆ ಅಟ್ಟಿದ್ದು ನನ್ನ ತಪ್ಪು. ನನ್ನ ಮತ ಹೌದು. ಬಾಲ್ಡೊಮೆರೊ.' ಕ್ಯಾಪ್ಟನ್ ಮೂಗು ಒರೆಸಿಕೊಂಡು, "ಇಂಥ ಮನುಷ್ಯನ್ನ ಊರು ಬಿಟ್ಟು ಹೋಗೋಕೆ ಬಿಟ್ವಲ್ಲಪ್ಪ ನಾವು!" ಎಂದ. ಕಪ್ಪು ಕಾಳು ಹಾಕಿದವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈಗ ನಾನು ಕಿಲೆಮು ದಳದ ಇಪ್ಪತ್ತಮೂರನೇ ಸ್ವಯಂಸೇವಕಿ. ಪ್ಯಾಂಟಿಗೆ ಬಣ್ಣ ಯಾವುದೆಂದು ಮುಂದಿನ ಸಭೆಯಲ್ಲಿ ಚರ್ಚೆಯಂತೆ. ನಾನು ಕೇಳುವುದಕ್ಕೆ ಹೋಗದೆ ಕಪ್ಪು ಬಟ್ಟೆ ಕತ್ತರಿಸಿದ್ದೇನೆ.

ಅತ್ತಿಗೆಗೆ ನನ್ನ ಅಪ್ಪುಗೆ. ಮಕ್ಕಳ ತಲೆ ನೇವರಿಸು. ಬೆಂಕಿಯಿಂದ ಕಾಯುವ ಸಂತ ಫ್ಲೋರಿಯಾನ್ ನಿಮ್ಮ ಮನೆಯ ಒಲೆಯನ್ನೂ ನಿನ್ನ ಮೊಣಕಾಲನ್ನೂ ಕಾಪಾಡಲಿ.

ನಿನ್ನ ತಂಗಿ,
ಎದೆಲ್ಮಿರಾ

ಮರೆತಿದ್ದೆ: ಆ ತಂತಿ ಯಾವಾಗ ಕಳಿಸಿದೆ ಎಂದು ನೀನು ತಲೆ ಕೆರೆದುಕೊಳ್ಳುತ್ತಿರಬೇಕು. ನೀನು ಕಳಿಸಲಿಲ್ಲ. ಮತದಾನಕ್ಕೆ ಎರಡು ದಿನ ಮೊದಲು ಡಾನ್ ತಿಯೋಡುಲೊ ಪ್ಯಾಂಟು ಹೊಲಿಸಲು ಬಂದವರು ನಿಯಮದ ಪುಸ್ತಕವನ್ನು ನನ್ನ ಹೊಲಿಗೆ ಯಂತ್ರದ ಮೇಲೆ 'ಮರೆತು' ಹೋದರು, ಮೂವತ್ತೊಂದನೇ ನಿಯಮದ ಪುಟಕ್ಕೆ ಬೆಂಕಿಕಡ್ಡಿಯ ಗುರುತಿಟ್ಟು. ಉಳಿದದ್ದನ್ನು ನಾನೂ ಒತಿಲಿಯಾಳೂ ಅಂಚೆ ಕಚೇರಿಯಲ್ಲಿ ಕೂತು ಬರೆದೆವು. ತಂತಿಯ ಮೇಲೆ, ಕಳಿಸಿದ ಊರಿನ ಜಾಗದಲ್ಲಿ, ಕಿಲೆಮುವಿನದೇ ಮುದ್ರೆ ಬಿದ್ದಿತ್ತು. ಡಾನ್ ತಿಯೋಡುಲೊ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಓದಿದರು. ಕ್ಯಾಪ್ಟನ್ ನಿನಗೆ ಧನ್ಯವಾದದ ಕಾಗದ ಬರೆಯುತ್ತಿದ್ದಾನೆ, ಅದಕ್ಕೆ ವಿನಯದಿಂದ ಉತ್ತರಿಸು. ಕೇಳಿದ್ದರೆ ನೀನು ಹೌದು ಎಂದೇ ಹೇಳುತ್ತಿದ್ದೆ ಎಂದು ನಂಬಿದ್ದೇನೆ. ಹೇಳುತ್ತಿರಲಿಲ್ಲ ಎನ್ನುವುದಾದರೆ ಅದನ್ನು ಕಾಗದದಲ್ಲಿ ಬರೆಯುವ ಶ್ರಮ ಬೇಡ. ಊರಿಗೆ ಬರುವ ಕಾಗದವೆಲ್ಲ ಒತಿಲಿಯಾಳ ಕೈ ದಾಟಿಯೇ ಬರಬೇಕು.