ಡಾಕ್ಟರರು ಕೇಳಿದ ಹೆಸರುಗಳು

ತಿಳವಳ್ಳಿ
೧೨ ಆಗಸ್ಟ್ ೧೯೮೪

ಪ್ರೀತಿಯ ಅವ್ವನಿಗೆ ಯಂಕವ್ವನ ನಮಸ್ಕಾರ.

ಈ ಪತ್ರವನ್ನು ಮಾಸ್ತರ ಕೈಗೆ ಕೊಟ್ಟು ಓದಿಸಬೇಡ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದೀಯಲ್ಲ, ಪುಟಗಟ್ಟಲೆ ಎಮ್ಮೆಯ ಸುದ್ದಿ ಬರೆಯುವವಳಿಗೆ ಇದನ್ನು ಓದಲೂ ಬರುತ್ತದೆ. ನಿಧಾನವಾಗಿ ಕೂಡಿಸಿ ಓದು.

ಹೋದ ತಿಂಗಳು ಅಡಿವೆವ್ವ ಎಂಬಾಕೆ ಕಳೆ ತೆಗೆಯಲು ಹೋಗುವಾಗ, ಮಲಗಿರಲಿ ಎಂದು ಕೂಸಿಗೆ ಅಫೀಮು ನೆಕ್ಕಿಸಿದ್ದಳು. ತುಸು ಹೆಚ್ಚಾಗಿಬಿಟ್ಟಿದೆ. ನಾನು ನೋಡಿದಾಗ ತುಟಿ ನೀಲಿಯಾಗಿತ್ತು. ಬಾಯಿಗೆ ಬಾಯಿ ಹಚ್ಚಿ ಊದುತ್ತಾ ಬಸ್ಸಿನಲ್ಲಿ ತಾಲೂಕಿನ ಆಸ್ಪತ್ರೆಗೆ ಒಯ್ದೆ. ಪ್ರಾಣೇಶ ಡಾಕ್ಟರರು ಅಫೀಮಿನ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕೂಸು ಸೂರು ಹಾರಿಹೋಗುವಂತೆ ಅತ್ತಿತು. ನನಗೂ ಅಳು ತಡೆಯಲಾಗಲಿಲ್ಲ.

ಅಂದು ಬಸ್ಸು ತಪ್ಪಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಆ ಔಷಧ ನನ್ನ ದವಾಖಾನೆಯಲ್ಲೂ ಇರಲಿ ಎಂದು ಕೇಳಿದೆ. ಡಾಕ್ಟರರು, “ಎಷ್ಟು ಕೂಸು ಹಿಂಗ ಹೋಗ್ಯಾವ, ಹೆಸರು ಹಚ್ಚಿ ಬರದು ಕೊಡ್ರಿ ಸಿಸ್ಟರ್. ಬರೇ ಬಾಯಿಮಾತಿಗೆ ಮ್ಯಾಲಿನವ್ರು ಕಳಸೂದಿಲ್ಲ” ಅಂದರು.

ಕೂಸು ಕಳೆದುಕೊಂಡ ಮನೆಮನೆ ತಿರುಗಿದೆ. ವೀರವ್ವ ಎಂಬ ಮುದುಕಿ, “ಜ್ವರ ಬಂದು ಹೋತವ್ವಾ, ಯಾಕ ಕೆದಕ್ತಿ?” ಎಂದು ಬಾಗಿಲು ಹಾಕಿಕೊಂಡಳು. ಎಲ್ಲರ ಮನೆಯಲ್ಲೂ ಅದೇ ಜ್ವರ! ಪೊಲೀಸರಿಗೆ ಹೇಳುತ್ತೇನೆಂದು ಹೆದರಿದ್ದಾರೆ. ಈಗ ನಾನು ನಳದ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಅಡಿವೆವ್ವ ಕೂಡ ಮುಖ ತಿರುಗಿಸುತ್ತಾಳೆ. ಒಬ್ಬಳಿಗೇ ರೊಟ್ಟಿ ಬಡಿಯಲು ಬೇಸರವಾಗಿ ಎಷ್ಟೋ ದಿನ ಮಂಡಕ್ಕಿ ತಿಂದು ಮಲಗುತ್ತೇನೆ. ಊರ ತುಂಬ ಜನ, ನನಗೆ ಮಾತಾಡಲು ಒಬ್ಬರಿಲ್ಲ ಅವ್ವಾ.

ಹಾಳೆ ಖಾಲಿಯೇ ಇತ್ತು. ಇವತ್ತು ಮೊದಲ ಹೆಸರು ಬರೆದೆ: ಬೀರಪ್ಪ, ಚಿಕ್ಕೇರೂರು, ಎಂಟು ತಿಂಗಳ ಕೂಸು. ನನ್ನ ತಮ್ಮ. ನಿನ್ನನ್ನು ಕೇಳದೆ ಬರೆದೆ. ಇಪ್ಪತ್ತಮೂರು ವರ್ಷ ನೀನೂ ಜ್ವರ ಎಂದೇ ಹೇಳಿಕೊಂಡು ಬಂದೆ. ಅವನು ಹೋದ ಮೇಲೆ ಯಾರ ಕೂಸನ್ನೂ ನೀನು ಎತ್ತಿಕೊಂಡದ್ದು ನಾನು ನೋಡಿಲ್ಲ. ನಿನ್ನ ಕೈಯಿಂದಲೇ ಹೋದನೆಂದು ಕೊರಗುತ್ತೀಯ. ಆದರೆ ನೀನು ಅಂದು ಕೊಟ್ಟದ್ದು ಎಂದಿನಷ್ಟೇ.

ಸಿಟ್ಟು ಬಂದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಮಗಳು,
ಯಂಕವ್ವ

ತಾ.ಕ.: ಹಾಳೆಯಲ್ಲಿ ಯಾರು ಕೊಟ್ಟರು ಎಂಬ ಕಡೆ ನಿನ್ನ ಹೆಸರಿಲ್ಲ. ನೀನು ಹೊಲಕ್ಕೆ ಹೋದ ಮೇಲೆ ಅವನು ಎಚ್ಚರಾಗಿ ಅಳತೊಡಗಿದ. ನನಗೆ ಏಳು ವರ್ಷ, ಆಡಲು ಹೋಗುವ ಅವಸರ. ಅಫೀಮಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿತ್ತು. ಎರಡನೆಯ ಸಲ ಕೊಟ್ಟವಳು ನಾನು, ಅವ್ವಾ.