ಎಂಟೂವರೆಯ ಗುಳಿಗೆ

ಸೆಪ್ಟೆಂಬರ್ 4, ಗುರುವಾರ. ಬೆಳಿಗ್ಗೆ 8.30

ಅಲಾರ್ಮ್. ನೀರು. ಗುಳಿಗೆ. ಅವಲಕ್ಕಿ ಆಮೇಲೆ.

ಎಂಟು ದಿನ ಖಾಲಿ ಹೋದ ಮೇಲೆ ಇವತ್ತು ಹೊಸ ಬಾಟಲಿ. ಮೂವತ್ತು. ಹಳೆಯದು ಅಷ್ಟು ಲಗೂ ಹೇಗೆ ಮುಗಿಯಿತೋ! ಬಸುರಿಗೆ ಮರೆವು ಜಾಸ್ತಿ ಅಂತಾರೆ, ಎರಡೆರಡು ನುಂಗಿದೆನೇನೋ. ಮೆಡಿಕಲ್‌ನವನು "ಸ್ಟಾಕ್ ಇಲ್ರಿ, ಬೆಂಗಳೂರಿಂದ ಬರಬೇಕ್ರಿ" ಅಂತ ದಿನ ನೂಕಿದ. ಡಾಕ್ಟರಿಗೆ ಹೇಳಿಲ್ಲ. ಸುಮ್ಮನೆ ಬೈಸಿಕೊಳ್ಳೋದು ಯಾಕೆ?

ಲೇಬಲ್ ಕೆರೆದು ಅಡುಗೆಮನೆಯ ಗೂಡಿನಲ್ಲಿ, ಕ್ಯಾಲ್ಸಿಯಂ ಪಕ್ಕದಲ್ಲೇ ಇಟ್ಟೆ. ಬಚ್ಚಿಟ್ಟರೆ ಹುಡುಕುತ್ತಾರೆ, ಎದುರಿಗಿಟ್ಟರೆ ಯಾರೂ ನೋಡುವುದಿಲ್ಲ. ಅತ್ತೆಯ ಪಾಲಿಗೆ ಇದು "ಶಕ್ತಿ ಗುಳಿಗಿ". ನಿಮ್ಮ ಮಗನಿಗೆ ಎಚ್‌ಐವಿ ಇದೆ, ನನಗೆ ಹತ್ತಬಾರದು ಅಂತ ನುಂಗುತ್ತಿದ್ದೇನೆ — ಯಾವ ಬಾಯಿಂದ ಹೇಳಲಿ? ಜೂನ್‌ನಲ್ಲಿ ತಮ್ಮ ಹರ್ನಿಯಾ ಆಪರೇಷನ್‌ಗೆ ರಕ್ತ ಪರೀಕ್ಷೆ ಮಾಡಿಸಿದಾಗಲೇ ನನ್ನ ಗಂಡನಿಗೂ ಗೊತ್ತಾಗಿದ್ದು. ನನಗಾಗ ಎರಡು ತಿಂಗಳು. ಮೂರು ದಿನ ಅಳುತ್ತಲೇ ಇದ್ದೆ. ನಾಲ್ಕನೇ ದಿನ ಸಿಟ್ಟು ಬಂತು. ಸಿಟ್ಟೇ ಛಲೋ, ಎದ್ದು ಓಡಾಡಬಹುದು.

ಈ ಎಂಟು ದಿನದಲ್ಲಿ ಎರಡು ಸಲ ಕಾಂಡೋಮ್ ಕೂಡ ಇಲ್ಲದೆ... ಇರಲಿ. ಅವರು ತಮ್ಮ ಗುಳಿಗೆ ತಪ್ಪಿಸುವುದಿಲ್ಲ. ಶುರು ಮಾಡಿ ಮೂರು ತಿಂಗಳಾಯಿತು, ಇನ್ನು ನನಗೆ ಹತ್ತಲಿಕ್ಕಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಡಾ. ಸುರಭಿಯವರ ದವಾಖಾನೆ. ರಕ್ತ ಕೊಟ್ಟೆ. ಬೆಂಚಿನ ಮೇಲೆ ಗುಲ್ನಾಜ. ಗಬ್ಬೂರಿನವಳು, ಅವಳಿಗೂ ಐದು ತಿಂಗಳು, ಅವಳ ಗಂಡನಿಗೂ ಇದೇ. ವಯಸ್ಸು ಇಪ್ಪತ್ತೆರಡು, ಮಾತು ಮಾತ್ರ ಮುದುಕಿಯದು. ಡಾಕ್ಟರ್ ಬರೆದುಕೊಟ್ಟ ಗುಳಿಗೆ ಕೊಂಡೇ ಇಲ್ಲವಂತೆ.

"ನನಗ ರೋಗ ಇಲ್ಲ ಅಕ್ಕಾ. ಇಲ್ಲದ ರೋಗಕ್ಕ ಔಷಧ ತಿಂದು ನಾಳೆ ಕೂಸಿಗೆ ಏನಾರ ಆದ್ರ ಹೊಣಿ ಯಾರು?"

"ಕೂಸಿಗೆ ಏನೂ ಆಗೂದಿಲ್ಲ ಅಂದಾರಲ್ಲ ಡಾಕ್ಟರು. ಮಳಿ ಬರೂಕಿಂತ ಮೊದಲ ಅಲ್ಲೇನು ಛತ್ರಿ ಒಯ್ಯೂದು?"

"ನಾ ಹೊರಗ ಹೋಗೂದ ಇಲ್ಲ! ಹೆರಿಗಿ ತನಕ ಅಮ್ಮೀ ಮನ್ಯಾಗ ಇರ್ತೇನಿ. ಅಂವ ಬಂದ್ರ ಚಾ ಕೊಟ್ಟು ಕಳಸ್ತೇನಿ."

ಇಬ್ಬರೂ ನಕ್ಕೆವು. ಬಿ.ಎಡ್. ಮಾಡಿದವಳು ನಾನು. ಮನಸ್ಸಿನಲ್ಲೇ ಅವಳನ್ನು ಪೆದ್ದಿ ಅಂದೆ.

ಸಂಜೆ ಡಾಕ್ಟರ ಫೋನ್. ಪ್ರತಿ ಸಲದಂತೆ ಒಂದೇ ಮಾತು. "ನೆಗೆಟಿವ್ ಅದರಿ." ಅಷ್ಟೇ, ಇಟ್ಟುಬಿಟ್ಟರು.

ಸೆಪ್ಟೆಂಬರ್ 19, ಶುಕ್ರವಾರ

ಯಾಕೋ ಎಣಿಸಿದೆ. ಹದಿನಾಲ್ಕು ಉಳಿದಿರಬೇಕು. ಒಂಬತ್ತಿವೆ. ತಾಟಿನಲ್ಲಿ ಸುರಿದು ಮತ್ತೆ ಎಣಿಸಿದೆ. ಒಂಬತ್ತೇ.

ಅತ್ತೆಯೇ. ಇನ್ಯಾರು? "ಗುಳಿಗಿ ಉಷ್ಣ, ಕೂಸು ಕರ್ರಗಾಗತೈತಿ" ಅಂತ ತಿಂಗಳಿಂದ ಅದೇ ಹಾಡು. ಕೇಳಿಯೇ ಬಿಟ್ಟೆ. "ನನ್ನ ಗುಳಿಗಿ ಚೆಲ್ಲಾಕತ್ತೀರೇನ್ರಿ ಅತ್ತಿ?"

ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಕೊರಳ ಲಿಂಗ ಮುಟ್ಟಿದರು.

"ಲಿಂಗದಾಣಿ ವಿಶಾಲಾ. ಬಾಯಿಲೆ ಅಂದೇನಿ ಖರೇ. ಕೈ ಹಚ್ಚಿಲ್ಲ."

ರೊಟ್ಟಿ ಅರ್ಧಕ್ಕೇ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ನಾನು ನಂಬಲಿಲ್ಲ. ಬಾಟಲಿ ನಮ್ಮ ಕೋಣೆಯ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ.

ಸೆಪ್ಟೆಂಬರ್ 22, ಸೋಮವಾರ

ಆರಿರಬೇಕು. ಮೂರಿವೆ.

ಕೀಲಿ ಹಾಕಿದ್ದು ಹಾಕಿದಂತೇ ಇದೆ. ಅತ್ತೆ ಮುನಿಸಿಕೊಂಡು ಶನಿವಾರವೇ ತಂಗಿಯ ಮನೆಗೆ ಹೋಗಿದ್ದಾರೆ. ಕೀಲಿ ಎಲ್ಲಿಡುತ್ತೇನೆ ಅಂತ ಇನ್ನೊಬ್ಬರಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಇವರು ಎಪಿಎಂಸಿಯಿಂದ ಊಟಕ್ಕೆ ಬಂದರು, ಅಂಗಿಯ ತುಂಬ ಮೆಣಸಿನಕಾಯಿ ಘಾಟು. ಬಾಟಲಿ ತಾಟಿನ ಪಕ್ಕದಲ್ಲಿಟ್ಟೆ. ತುತ್ತು ಎತ್ತಲಿಲ್ಲ.

"ನನ್ನ ಗುಳಿಗಿ ಕೊಡೂ ಎಆರ್‌ಟಿ ಸೆಂಟರಿನ್ಯಾಗ ಯಮನಪ್ಪ ನಿಂತಿದ್ದ, ನಿಮ್ಮ ಶಿರಗುಪ್ಪಿಯಾಂವ. ನನ್ನ ನೋಡಿದ್ರ ನಿಮ್ಮಪ್ಪಗ ಸುದ್ದಿ ಮುಟ್ಟಿಸ್ತಾನ ಅಂತ ತಿರುಗಿ ಬಂದೆ."

"ಯಾವಾಗ?"

"ಜುಲೈದಾಗ. ಆಮ್ಯಾಲ ಹೋಗೇ ಇಲ್ಲ. ನಿನ್ನ ಗುಳಿಗ್ಯಾಗೂ ಅದ ಔಷಧ ಇರತೈತಿ ಅಂತ ಫೋನಿನ್ಯಾಗ ಓದಿದೆ. ಮೊದಲ ಒಮ್ಮೊಮ್ಮೆ ತಗೋತಿದ್ದೆ. ಈಗ ದಿನಾ."

ಅಂದರೆ ಎರಡು ತಿಂಗಳಿಂದ ಅವರಿಗೆ ಔಷಧವಿಲ್ಲ. ಅದರ ನಡುವೆ ನನ್ನ ಎಂಟು ದಿನ ಖಾಲಿ. ನಾಲ್ಕನೇ ತಾರೀಖಿನ ಪುಟ ತೆಗೆದು ಓದಿದೆ. "...ಇರಲಿ" ಅಂತ ಬರೆದಿದ್ದೇನೆ. ಇರಲಿ ಅಂತ!

ಹೊಡೆಯಬೇಕು ಅನಿಸಿತು. ಅವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು.

ಸೆಪ್ಟೆಂಬರ್ 24, ಬುಧವಾರ

ನಾನೇ ಅವರನ್ನು ಎಆರ್‌ಟಿ ಸೆಂಟರಿಗೆ ಕರೆದೊಯ್ದೆ. ಸಾಲಿನಲ್ಲಿ ಯಮನಪ್ಪ. ನಮ್ಮನ್ನು ನೋಡಿ ಟವೆಲ್ ಮುಖಕ್ಕೆ ಎಳೆದುಕೊಂಡ. ಕೈಯಲ್ಲಿ ಇವರ ಕೈಯಲ್ಲಿದ್ದಂಥದೇ ಕಾರ್ಡು. ಅವನೂ ಗುಳಿಗೆ ಒಯ್ಯಲು ಬಂದವನು! ಇವರಿಗೆ ಅವನ ಹೆದರಿಕೆ, ಅವನಿಗೆ ಇವರ ಹೆದರಿಕೆ. ನಡುವೆ ನನ್ನ ಕೂಸು.

ಅಲ್ಲಿಂದ ಡಾ. ಸುರಭಿಯವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಎಂಟು ದಿನದ್ದೂ. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

"ನಿಮ್ಮ ಗುಳಿಗಿಯೊಳಗಿನ ಔಷಧ ಅವರಿಗೆ ಸಾಲೂದಿಲ್ರಿ. ಮತ್ತ ನೀವು ಮೊನ್ನಿ ನೆಗೆಟಿವ್ ಹಿಡ್ಕೊಂಡು ಕೂಡಬ್ಯಾಡ್ರಿ. ಹತ್ತಿದ್ದು ರಕ್ತದಾಗ ಕಾಣಾಕ ಹೊತ್ತು ಹಿಡಿತದ. ಅಕ್ಟೋಬರದಾಗ ಮತ್ತ ನೋಡೂಣು."

ಅಕ್ಟೋಬರ್ 23, ಗುರುವಾರ

ತಿಂಗಳಾಯಿತು ಬರೆದು. ದೀಪಾವಳಿ ಬಂತು, ಹೋಯಿತು. ಏಳು ತಿಂಗಳು ತುಂಬುತ್ತಿದೆ, ರವಿವಾರ ಸೀಮಂತದ ಕುಬಸ. ಹಸಿರು ಬಳೆ ತೊಡಿಸಿ ಅವ್ವ ತವರಿಗೆ ಕರೆದೊಯ್ಯುತ್ತಾಳೆ.

ಅತ್ತೆಯ ಕಾಲು ಹಿಡಿದು ತಪ್ಪಾಯಿತು ಅಂದಿದ್ದೆ. ಯಾಕೆ, ಏನು ಅಂತ ಕೇಳಲೇ ಇಲ್ಲ. ಅವತ್ತಿನಿಂದ ಎಂಟೂವರೆಗೆ ತಾವೇ ನೀರು ತಂದುಕೊಡುತ್ತಾರೆ.

ನಿನ್ನೆ ರಕ್ತ ಕೊಡಲು ಹೋದಾಗ ಗುಲ್ನಾಜ ಸಿಕ್ಕಳು. "ನಿಮ್ಮ ಛತ್ರಿ ಮಾತು ತಲ್ಯಾಗ ಕುಂತ ಬಿಟ್ಟಿತ್ತು ಅಕ್ಕಾ. ನಾನೂ ಗುಳಿಗಿ ಶುರು ಮಾಡೇನಿ. ಅಂವ ಮನಿಗೆ ಬಾ ಅನ್ನಾಕತ್ತಾನ."

ಅವಳ ಕೈ ಗಟ್ಟಿಯಾಗಿ ಹಿಡಿದೆ. "ನಿಂದು ನೀ ತಪ್ಪಿಸಬ್ಯಾಡ. ಅಂವಂದು ಅಂವ ನುಂಗ್ತಾನೋ ಇಲ್ಲೋ, ಎದುರಿಗೆ ನಿಂತು ನೋಡು."

ನಗುತ್ತಿದ್ದವಳು ನನ್ನ ಮುಖ ನೋಡಿ ಹೂಂ ಅಂದಳು.

ಅಕ್ಟೋಬರ್ 25, ಶನಿವಾರ. ಬೆಳಿಗ್ಗೆ 8.20

ಅವ್ವ ಬಂದಿದ್ದಾಳೆ. ಹಸಿರು ಸೀರೆ ಹಾಸಿಗೆಯ ಮೇಲಿದೆ. ಈಗ ಡಾಕ್ಟರ ಫೋನ್ ಬಂದಿತ್ತು. ಆ ಒಂದು ಮಾತಿಗೆ ಕಾದೆ.

"ವಿಶಾಲಾ, ಇಬ್ಬರೂ ಬರ್ರಿ. ಇವತ್ತ ಬರ್ರಿ."

ನಾಳೆ ಕುಬಸ ಐತ್ರಿ, ಅಂದೆ. ಹುಚ್ಚಿಯ ಹಾಗೆ. ಆಮೇಲೆ ಕೇಳಿದೆ, "ಕೂಸು?"

"ಕೂಸಿಗೆ ಹತ್ತಲಾರದ ಹಂಗ ನೋಡ್ಕೊಳ್ಳಾಕ ದಾರಿ ಅದರಿ. ಅದಕ್ಕ ಲಗೂ ಬರ್ರಿ ಅನ್ನಾಕತ್ತೇನಿ."

ಕೂಸಿಗೆ. ನನ್ನ ಮಾತು ಎತ್ತಲಿಲ್ಲ.

8.30

ಅಲಾರ್ಮ್. ಅತ್ತೆ ನೀರು ತಂದು ನಿಂತಿದ್ದಾರೆ. "ಅದೇನ ಬರ್ಯಾಕತ್ತೀ, ಮೊದಲ ತಗೊ ನಮ್ಮವ್ವಾ. ಹೊತ್ತು ತಪ್ಪಿಸಬ್ಯಾಡ." ನುಂಗುವ ತನಕ ಹೋಗುವವರಲ್ಲ. ಗುಳಿಗೆ ಎಡಗೈಯಲ್ಲಿದೆ. ಬಾರದ ಹಾಗೆ ತಡೆಯುವ ಗುಳಿಗೆ. ಹತ್ತಿಯೇ ಬಿಟ್ಟಿದ್ದರೆ ಇನ್ನು ಇದನ್ನು ನಾನು...