ಮೂವತ್ತೇಳನೇ ಪುಟದ ಸೀಲ್

ಅಂಬ್ರೀನ್,

ನೀನು ನನ್ನ ಬ್ಲಾಕ್ ಮಾಡಿದೀಯ, ಆದ್ರೂ ಹೇಳ್ದೆ ಇರೋಕಾಗ್ತಿಲ್ಲ. ಆ ಹಕ್ಕಿಗಳ ಪುಸ್ತಕ ಸಿಕ್ತು ಕಣೇ! ನೀನೇ ಕಳೆದೆ ಅಂತ ನಾನು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ನಲ್ಲ, ಅದೇ!

ನಮ್ಮ ಲೈಬ್ರೇರಿಯನ್‌ಗಳ ವಾಟ್ಸಾಪ್ ಗ್ರೂಪಲ್ಲಿ ಇವತ್ತು ಕುಣಿಗಲ್ ತೇಜಸ್ವಿನಿ ಫೋಟೋ ಹಾಕಿದ್ಲು: "ನಮ್ಮ ಪುಸ್ತಕಗಳ ಮಧ್ಯೆ ಸಿಕ್ತು, ರಟ್ಟು ಕಿತ್ತೋಗಿದೆ, ಯಾರ ಲೈಬ್ರರೀದು?"

"ಮೂವತ್ತೇಳನೇ ಪುಟ ನೋಡು" ಅಂದೆ. ಯಾರು ಎತ್ಕೊಂಡೋದ್ರೂ ಗುರುತು ಸಿಗ್ಲಿ ಅಂತ ನೀನು ನಮ್ಮ ಲೈಬ್ರರೀಲಿ ಕೆಲಸಕ್ಕಿದ್ದಾಗ ಗುಟ್ಟಾಗಿ ಸೀಲ್ ಹಾಕ್ತಿದ್ದ ಪುಟ. ಇತ್ತು ಕಣೇ, ನಮ್ಮ ಗುಬ್ಬಿ ಕಾಲೇಜ್ ಸೀಲ್! ಗ್ರೂಪ್ ತುಂಬಾ ಚಪ್ಪಾಳೆ! "ಏನ್ ತಲೆ ಮೇಡಂ ನಿಮ್ದು!" ಅಂದ್ರು ತುಮಕೂರಿನ ಅನಂತರಾಜು ಸಾರ್. ಕೈಮುಗಿಯೋ ಎಮೋಜಿ ಕಳಿಸಿದೆ.

ಆಮೇಲೆ ತೇಜಸ್ವಿನಿ ನಂಗೊಬ್ಬಳಿಗೇ ಮೆಸೇಜ್ ಮಾಡಿದ್ಲು: "ಅಕ್ಕಾ, ಒಳಗಿರೋ ಚೀಟೀಲಿ ಪುಸ್ತಕ ಕೊನೇಲಿ ತಗೊಂಡೋರ ಸಹಿ ನಿಮ್ದೇ ಅಲ್ವಾ?"

ನೀಲಿ ಟಿಕ್ ಬಿದ್ದಾಗಿದೆ. ಅವಳಿಗೆ ಉತ್ತರ ಬರೆಯೋದು ಬಿಟ್ಟು ನಿಂಗೆ ಬರೀತಾ ಕೂತಿದೀನಿ.